ಬಡ್ಡಿ ಮುಟ್ಟದ ಮನೆ

ನಮ್ಮ ಮನೆಯಲ್ಲಿ ಯಾರೂ ಬಡ್ಡಿಯ ದುಡ್ಡು ಮುಟ್ಟಿದವರಲ್ಲ. ಈ ಮಾತನ್ನು ಚಿಕ್ಕಂದಿನಲ್ಲಿ ನಾನು ಸ್ಕೂಲಿನಲ್ಲಿ, ಬಸ್ಸಿನಲ್ಲಿ, ನೆಂಟರ ಮನೆಗಳಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದ್ದೇನೆ. ಈಗಲೂ ಮಾಗಡಿ ರಸ್ತೆಯ ಕಡೆ ಹೋದಾಗ ಹಳೆಯ ಪರಿಚಯದವರು ಸಿಕ್ಕಿ, ನಿಮ್ಮಜ್ಜಿ ದೊಡ್ಡ ಜೀವ ಕಣಮ್ಮ, ಒಂದು ಪೈಸೆ ಬಡ್ಡಿ ತಗೊಂಡೋರಲ್ಲ ಎನ್ನುತ್ತಾರೆ. ನನ್ನ ಕಿವಿ ಬಿಸಿಯಾಗುತ್ತದೆ. ಹೌದೆನ್ನಲು ನಾಲಿಗೆ ಏಳುವುದಿಲ್ಲ, ಅಲ್ಲವೆನ್ನಲು ಧೈರ್ಯ ಸಾಲುವುದಿಲ್ಲ. ಅವರು ಹೇಳುತ್ತಿರುವುದು ಸುಳ್ಳೇನಲ್ಲ, ತೊಂದರೆ ಇರುವುದೇ ಅಲ್ಲಿ.

ಆಗ ನಮ್ಮ ಬ್ಯಾಡರಹಳ್ಳಿ ಹಳ್ಳಿಯಾಗಿ ಉಳಿದಿರಲಿಲ್ಲ, ಬೆಂಗಳೂರೂ ಆಗಿರಲಿಲ್ಲ. ನಮ್ಮ ರಾಗಿ ಹೊಲಗಳೆಲ್ಲ ಸೈಟುಗಳಾಗಿ ಹೋಗಿ, ಉಳಿದದ್ದು ಒಂದು ಹೆಂಚಿನ ಮನೆ, ಅದರ ಹಿತ್ತಿಲಿಗೆ ಅಂಟಿಕೊಂಡಂತೆ ಕಟ್ಟಿಸಿದ ಬಾಡಿಗೆ ಮನೆಗಳ ವಠಾರ, ಒಂದು ಹಸು ಮತ್ತು ಅಜ್ಜಿಯ ರೂಮಿನ ಬೀರು. ನಡುಮನೆಗೆ ಸೋಫಾ, ಟಿ.ವಿ. ಬಂದಿದ್ದರೂ ಅಜ್ಜಿ ಕೂರುತ್ತಿದ್ದುದು ಕಂಬಕ್ಕೆ ಒರಗಿ ನೆಲದ ಮೇಲೆಯೇ. ಹೊಲ ಮಾರಿದ ದುಡ್ಡು ಬೀರುವಿನಲ್ಲಿತ್ತು, ಬೀರುವಿನ ಬೀಗದ ಕೈ ಅಜ್ಜಿಯ ಸೊಂಟದಲ್ಲಿತ್ತು. ಅಪ್ಪ ಅವಳ ಮಗ ಎನ್ನುವುದಕ್ಕಿಂತ ಅವಳ ಮಾತಿಗೆ ಹೂಂಗುಟ್ಟುವವನು ಎಂದರೆ ಸರಿಯಾದೀತು. ವಠಾರದಲ್ಲೂ ಸುತ್ತಲ ಹೊಸ ಬಡಾವಣೆಯಲ್ಲೂ ಇದ್ದವರು ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು, ಆಟೋ ಓಡಿಸುವವರು, ಕುಣಿಗಲ್ಲು, ತುಮಕೂರು ಕಡೆಯಿಂದ ಕೂಲಿಗೆ ಬಂದವರು. ಇವರಿಗೆ ತುರ್ತಾಗಿ ದುಡ್ಡು ಬೇಕೆಂದರೆ ದಾರಿ ಎಲ್ಲಿತ್ತು? ಬ್ಯಾಂಕಿನಲ್ಲಿ ಸಂಬಳದ ಚೀಟಿ ಕೇಳುತ್ತಿದ್ದರು. ಗಿರವಿ ಅಂಗಡಿಗೆ ಹೋಗಲು ಮೈಮೇಲೆ ಒಡವೆ ಇರಬೇಕು. ಇನ್ನುಳಿದವರು ಬೈಕಿನಲ್ಲಿ ಬರುವ ಮೀಟರ್ ಬಡ್ಡಿಯವರು. ಅವರ ಬೈಕು ಮನೆ ಮುಂದೆ ನಿಂತಿತೆಂದರೆ ಒಳಗಿದ್ದ ಗಂಡಸು ಹಿಂಬಾಗಿಲಿನಿಂದ ಮಾಯವಾಗುತ್ತಿದ್ದ, ಹೆಂಗಸು ಬಾಗಿಲಲ್ಲಿ ನಿಂತು ಬೈಸಿಕೊಳ್ಳುತ್ತಿದ್ದಳು. ಹಾಗಾಗಿ ನಂಬಿಕಸ್ಥ ಸಾಲ ಎಲ್ಲಿ ಸಿಗುತ್ತದೆ ಎಂದು ಯಾರಾದರೂ ವಿಚಾರಿಸಿದರೆ ಬಸ್ ಸ್ಟಾಪಿನ ಬೇಕರಿಯವರಿಂದ ಹಿಡಿದು ಎಲ್ಲರೂ ತೋರಿಸುತ್ತಿದ್ದುದು ನಮ್ಮ ಮನೆಯನ್ನೇ.

ಅಜ್ಜಿ ಕೊಡುತ್ತಿದ್ದುದು ಕೈಗಡ. ಬಡ್ಡಿಯಿಲ್ಲ, ಪತ್ರವಿಲ್ಲ, ವಾಯಿದೆಯಿಲ್ಲ. ಬಂದವರನ್ನು ಮೊದಲು ಊಟಕ್ಕೆ ಕೂರಿಸುತ್ತಿದ್ದಳು. ಮುದ್ದೆ ಮುರಿಯುವ ರೀತಿ, ಸಾರು ಹಾಕಿಸಿಕೊಳ್ಳುವ ರೀತಿ, ಎದ್ದ ಮೇಲೆ ತಟ್ಟೆ ಯಾರಾದರೂ ತೆಗೆಯಲಿ ಎಂದು ಕಾಯುತ್ತಾರೋ ತಾವೇ ತೆಗೆದುಕೊಂಡು ಹೋಗುತ್ತಾರೋ, ಎಲ್ಲವನ್ನೂ ಕಂಬಕ್ಕೆ ಒರಗಿ ನೋಡುತ್ತಿದ್ದಳು. ತಟ್ಟೆಯಲ್ಲಿ ಬಿಟ್ಟವರಿಗೆ ದುಡ್ಡಿಲ್ಲ. ನಾನು ಅವಳ ಪಕ್ಕದಲ್ಲೇ ಕೂತು ಯಾರು ಪಾಸು, ಯಾರು ಫೇಲು ಎಂದು ಊಹಿಸುತ್ತಿದ್ದೆ. ಊಟಕ್ಕೆ ಬಂದವರ ಎದುರು ಕೂತು ಅವರ ತುತ್ತನ್ನು ನೋಡುವುದು ಅಸಹ್ಯ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಬಹುದಾಗಿದ್ದ ಅಮ್ಮ ಬಡಿಸುತ್ತಿದ್ದಳು, ಬಡಿಸುವಾಗ ಬೇಕೆಂದೇ ಅಡ್ಡ ನಿಂತು ಉಣ್ಣುವವರನ್ನು ನಮ್ಮ ಕಣ್ಣಿನಿಂದ ಮರೆ ಮಾಡುತ್ತಿದ್ದಳು. ಇವಳೊಬ್ಬಳು, ಸರಿಯಾಗಿ ಬಡಿಸೋಕೂ ಬರಲ್ಲ ಎಂದು ಅಜ್ಜಿ ಗೊಣಗಿದಾಗ ನಾನೂ ನಗುತ್ತಿದ್ದೆ.

ನಮ್ಮ ಮನೆಯ ದೊಡ್ಡ ಹಬ್ಬ ಎಂದರೆ ಕ್ಯಾಲೆಂಡರಿನಲ್ಲಿ ಇಲ್ಲದ ಹಬ್ಬ, ಅವರೆಕಾಯಿ ಹಿತಕುವ ದಿನ. ಚಳಿಗಾಲದಲ್ಲಿ ಮಾಗಡಿ ಕಡೆಯಿಂದ ಸೊಗಡಿನ ಅವರೆಕಾಯಿ ಮೂಟೆಗಳಲ್ಲಿ ಬಂದು ಬೀಳುತ್ತಿತ್ತು. ಸುಲಿದು, ಕಾಳನ್ನು ನೀರಲ್ಲಿ ನೆನೆಹಾಕಿ, ಮರುದಿನ ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿತಕಬೇಕು. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ. ಒಬ್ಬರು ಇಬ್ಬರಿಂದ ಆಗುವ ಕೆಲಸವಲ್ಲ. ಅಜ್ಜಿಗೆ ಅದರಲ್ಲಿ ದೊಡ್ಡಸ್ತಿಕೆ. ಸಾರಿಗೆ, ಉಪ್ಪಿಟ್ಟಿಗೆ, ಎಣ್ಣೆಯಲ್ಲಿ ಕರಿದು ಡಬ್ಬಿಗೆ ತುಂಬಲು, ವಿಜಯನಗರ, ರಾಜಾಜಿನಗರದ ನೆಂಟರಿಗೆಲ್ಲ ಕಳಿಸಲು ಸಾಕಾಗುವಷ್ಟು ಹಿತಕಿಸುತ್ತಿದ್ದಳು. ಮಧ್ಯಾಹ್ನವೇ ನಡುಮನೆಯಲ್ಲಿ ಚಾಪೆ ಹಾಸಿದರೆ ಹೆಂಗಸರು ತಾವಾಗಿಯೇ ಬರುತ್ತಿದ್ದರು. ಯಾರನ್ನೂ ಕರೆಯಬೇಕಿರಲಿಲ್ಲ. ಮೂಟೆ ಬಂದಿದೆ ಎಂಬ ಸುದ್ದಿ ನಲ್ಲಿಯ ಹತ್ತಿರ ಹರಡಿದರೆ ಸಾಕು. ನಾನು ಅವರ ನಡುವೆ ಕೂತು ಟೀಚರುಗಳ ಹಾಗೆ ನಡೆದು ತೋರಿಸುತ್ತಿದ್ದೆ, ಟಿ.ವಿ.ಯಲ್ಲಿ ನೋಡಿದ ಜೋಕು ಹೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅಯ್ಯೋ ಮಗು ಎಷ್ಟು ಚುರುಕು ದೊಡ್ಡಮ್ಮ ಎಂದು ಅಜ್ಜಿಗೆ ಹೇಳುತ್ತಿದ್ದರು. ನಾನು ತುಂಬ ತಮಾಷೆಯ ಹುಡುಗಿ ಎಂದು ಬಹಳ ಕಾಲ ನಂಬಿದ್ದೆ. ಆಮೇಲೆ ಕಾಲೇಜಿನಲ್ಲಿ ಅವೇ ಜೋಕು ಹೇಳಿದಾಗ ಯಾರೂ ನಗದೆ ಇದ್ದದ್ದು ಕಂಡು ಅಲ್ಲಿನವರಿಗೆ ಹಾಸ್ಯ ಗೊತ್ತಿಲ್ಲ ಎಂದುಕೊಂಡೆ.

ಚಾಪೆಯ ಮೇಲೆ ಕೂರುತ್ತಿದ್ದವರೆಲ್ಲ ಅಜ್ಜಿಯ ಕೈಗಡ ತೀರಿಸಬೇಕಿದ್ದವರು. ಈ ಒಂದು ಸಣ್ಣ ವಿಷಯ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸಾಲ ತೀರಿಸಿದವರ ಮುಖ ಮುಂದಿನ ವರ್ಷ ಕಾಣದಿದ್ದರೆ ಅಜ್ಜಿ, ದುಡ್ಡು ಬೇಕಾದಾಗ ದೊಡ್ಡಮ್ಮ, ಆಮೇಲೆ ಯಾರೋ ಎಂದು ನಿಟ್ಟುಸಿರು ಬಿಡುತ್ತಿದ್ದಳು. ಜನ ಎಷ್ಟು ಕೃತಘ್ನರು ಎಂದು ನನಗೂ ಬೇಸರವಾಗುತ್ತಿತ್ತು.

ವಠಾರದ ಕೊನೆಯ ಮನೆಯಲ್ಲಿ ಸುಮಿತ್ರಕ್ಕ ಇದ್ದರು. ಬರೆಯುವಾಗಲಾದರೂ ಬಹುವಚನ ಇರಲಿ, ಆಗ ನಮ್ಮ ಮನೆಯಲ್ಲಿ ಅಮ್ಮನೊಬ್ಬಳನ್ನು ಬಿಟ್ಟು ಯಾರೂ ಅವರಿಗೆ ಬಹುವಚನ ಕೊಟ್ಟವರಲ್ಲ. ಅವರಿಗಿಂತ ಎಷ್ಟೋ ಚಿಕ್ಕವಳಾದ ನಾನೇ, ಏ ಸುಮಿತ್ರಕ್ಕ, ಬಾ ಇಲ್ಲಿ ಎನ್ನುತ್ತಿದ್ದೆ. ಅವರು ಟೈಲರು. ಗಂಡನ ಆಪರೇಷನ್ನಿಗೆಂದು ಅಜ್ಜಿಯ ಹತ್ತಿರ ದೊಡ್ಡ ಮೊತ್ತವನ್ನೇ ತೆಗೆದುಕೊಂಡಿದ್ದರು. ಊಟದ ಪರೀಕ್ಷೆಯಲ್ಲಿ ಅವರಷ್ಟು ಚೆನ್ನಾಗಿ ಪಾಸಾದವರಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಆಮೇಲೆ ನಮ್ಮ ಮನೆಯ ರವಿಕೆ, ಲಂಗ, ದಿಂಬಿನ ಕವರು, ಅಪ್ಪನ ಪ್ಯಾಂಟಿನ ಜಿಪ್ಪು, ನೆಂಟರು ತಂದುಕೊಟ್ಟ ಬಟ್ಟೆ, ಎಲ್ಲ ಅವರ ಮಿಷನ್ನಿಗೇ. ಗೌರಿ ಹಬ್ಬದ ಮುಂಚೆ ದುಡ್ಡು ಕೊಟ್ಟು ಹೊಲಿಸುವವರು ಬಾಗಿಲಲ್ಲಿ ನಿಂತು ಕಾಯುತ್ತಿದ್ದರೂ ಮೊದಲು ನಮ್ಮದು. ಹೊಲಿದು ತಂದಾಗ ನಡೆಯುತ್ತಿದ್ದ ಮಾತು ನನಗೆ ಬಾಯಿಪಾಠ.

"ಎಷ್ಟಾಯ್ತೇ ಸುಮಿತ್ರ ಕೂಲಿ?"

"ಬಿಡಿ ದೊಡ್ಡಮ್ಮ, ನಿಮ್ಮ ಹತ್ರ ತಗೋತೀನಾ?"

"ಹಂಗಲ್ಲ ಕಣೇ, ನಿನ್ನ ಕೈ ಕೆಲ್ಸ. ಹೇಳು."

"ಬ್ಯಾಡಿ ದೊಡ್ಡಮ್ಮ, ನಂಗೇ ಬೇಜಾರಾಗುತ್ತೆ."

ಇಷ್ಟಕ್ಕೆ ಅಜ್ಜಿ ನಿಲ್ಲಿಸುತ್ತಿದ್ದಳು. ಒಮ್ಮೆಯೂ ಇನ್ನೊಂದು ಸಲ ಒತ್ತಾಯ ಮಾಡಿದ್ದು ನಾನು ಕಾಣೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ, ಆ ಹುಡುಗಿಗೆ ನಮ್ಮ ಮೇಲೆ ಏನು ಪ್ರೀತಿ ಅಂತೀಯ ಎಂದು ಕಣ್ಣು ಒದ್ದೆ ಮಾಡಿಕೊಂಡು ಹೇಳುತ್ತಿದ್ದಳು. ಅಜ್ಜಿ ನಾಟಕ ಆಡುತ್ತಿರಲಿಲ್ಲ. ಅವಳ ಕಣ್ಣೀರು ನಿಜವಾದದ್ದು. ನಾಟಕವಾಗಿದ್ದರೆ ನನಗೆ ಇವತ್ತು ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ದುಡ್ಡು ಕೊಟ್ಟು ಪ್ರೀತಿ ತರಿಸಿಕೊಳ್ಳುತ್ತಿದ್ದೇವೆ ಎಂಬುದು ಮನೆಯಲ್ಲಿ ನಮಗ್ಯಾರಿಗೂ ಗೊತ್ತೇ ಇರಲಿಲ್ಲ.

ಒಂದು ವರ್ಷ ಹಿತಕುವ ದಿನ, ಸುಮಿತ್ರಕ್ಕನ ತಂಗಿಯ ಸೀಮಂತದ ದಿನ ಎರಡೂ ಒಂದೇ ಆದವು. ಒಬ್ಬಳೇ ತಂಗಿ, ಮದುವೆಯಾಗಿ ಬಹಳ ವರ್ಷಗಳ ಮೇಲೆ ಬಸುರಿ. ಅವಳಿಗೆಂದು ಹಸಿರು ರೇಷ್ಮೆ ರವಿಕೆ ಹೊಲಿದು, ತೋಳಿಗೆ ಜರಿ ಅಂಚು ಕೊಟ್ಟು ಗೋಡೆಯ ಮೊಳೆಗೆ ನೇತು ಹಾಕಿದ್ದರು. ಹೋದವರಿಗೆಲ್ಲ ತೋರಿಸುತ್ತಿದ್ದರು. ಸೀಮಂತಕ್ಕೆ ಮೊದಲೇ ಬಂದು ಅಜ್ಜಿಯ ಎದುರು ನಿಂತರು.

"ದೊಡ್ಡಮ್ಮ, ಭಾನುವಾರ ಕುಣಿಗಲ್‌ಗೆ ಹೋಗ್ಬೇಕಿತ್ತು. ತಂಗಿ ಸೀಮಂತ."

"ಹೋಗಮ್ಮ. ನಾನೇನು ಕಟ್ಟಿ ಹಾಕಿದೀನಾ?"

ಅಜ್ಜಿ ಹೇಳಿದ್ದು ಅಷ್ಟೇ. ಬಯ್ಯಲಿಲ್ಲ, ಮುಖ ಸಿಂಡರಿಸಲಿಲ್ಲ. ಟಿ.ವಿ.ಯ ಕಡೆ ತಿರುಗಿ, ಈ ಸಲ ರಾಜಾಜಿನಗರದೋರಿಗೆ ಇಲ್ಲ ಅಂದ್ಬಿಡ್ಬೇಕು, ಕೈಯೇ ಇಲ್ವಲ್ಲ ಎಂದು ಯಾರಿಗೂ ಅಲ್ಲದಂತೆ ಹೇಳಿದಳು. ಸುಮಿತ್ರಕ್ಕ ಹೊರಟು ಹೋದರು. ಭಾನುವಾರ ಅವರು ಎಲ್ಲರಿಗಿಂತ ಮೊದಲು ಬಂದು ಚಾಪೆಯ ಮೇಲೆ ಕೂತಿದ್ದರು. ರವಿಕೆಯನ್ನು ಗಂಡನ ಕೈಯಲ್ಲಿ ಕಳಿಸಿದ್ದರು. ನಾನು ಎಂದಿನಂತೆ ಜೋಕು ಹೇಳಿದೆ. ಅವರು ನಕ್ಕರು, ಕಾಳು ಹಿತಕುತ್ತಲೇ ನಕ್ಕರು. ಬಳೆ ತೊಡಿಸುವ ಹೊತ್ತಾಗಿರಬೇಕು ಅಲ್ಲಿ ಎಂದು ಅಮ್ಮ ಮೆಲ್ಲಗೆ ಹೇಳಿದಾಗ ಮಾತ್ರ ಇನ್ನೊಂದು ಹಿಡಿ ಕಾಳು ತಮ್ಮ ಮುಂದಕ್ಕೆ ಎಳೆದುಕೊಂಡರು. ತಂಗಿ ಆಮೇಲೆ ಎಷ್ಟೋ ಕಾಲ ಅವರ ಹತ್ತಿರ ಮಾತು ಬಿಟ್ಟಿದ್ದಳಂತೆ.

ಸುಮಿತ್ರಕ್ಕನ ಮಗಳು ಶ್ವೇತ ನನ್ನದೇ ಕ್ಲಾಸು, ನನ್ನ ಪ್ರಾಣಸ್ನೇಹಿತೆ ಎಂದು ನಾನು ತಿಳಿದವಳು. ಚೌಕಾಬಾರದಲ್ಲಿ ನಾನು ಕವಡೆ ತಿರುಗಿಸಿಟ್ಟು ಮೋಸ ಮಾಡಿದರೂ ಸುಮ್ಮನಿರುತ್ತಿದ್ದಳು. ಕುಂಟೆಬಿಲ್ಲೆಯಲ್ಲಿ ನಾನು ಗೆರೆ ತುಳಿದರೆ ತುಳಿದಿಲ್ಲ ಅನ್ನುತ್ತಿದ್ದಳು. ಎಷ್ಟು ಒಳ್ಳೆಯವಳು ಎಂದು ಮೆಚ್ಚಿ ಇನ್ನಷ್ಟು ಮೋಸ ಮಾಡುತ್ತಿದ್ದೆ. ಸೀಮಂತವಾದ ಕೆಲವು ದಿನಗಳಿಗೆ ಅವಳ ಹೊಸ ಜಾಮಿಟ್ರಿ ಬಾಕ್ಸು ತೆಗೆದುಕೊಂಡು ಬೀಳಿಸಿ ಮುಚ್ಚಳ ಮುರಿದೆ. ಅವಳ ಕಣ್ಣಲ್ಲಿ ನೀರು ತುಂಬಿತು. ಆದರೂ ಪರವಾಗಿಲ್ಲ ಬಿಡು ಎಂದಳು. ನನಗೆ ಅದೇಕೋ ಆ ದಿನ ರೇಗಿತು.

"ಪರವಾಗಿಲ್ಲ ಅಂದ್ರೇನೇ? ಬೈಯೇ ನನ್ನ!"

"ಬೈಯಲ್ಲ."

"ಯಾಕೆ?"

"ನಮ್ಮಮ್ಮ ಹೇಳಿದಾರೆ. ನಿಮ್ಮಜ್ಜಿ ದುಡ್ಡು ತೀರೋವರ್ಗೂ ನಿನ್ ಜೊತೆ ಜಗಳ ಆಡ್ಬಾರ್ದು ಅಂತ."

ಅವಳು ಅದನ್ನು ಚುಚ್ಚಲೆಂದು ಹೇಳಲಿಲ್ಲ, ಹೋಂವರ್ಕ್ ಏನಿದೆ ಎಂದು ಹೇಳುವ ಹಾಗೆ ಹೇಳಿದಳು. ನನಗೆ ಕಪಾಳಕ್ಕೆ ಬಿದ್ದಂತಾಯಿತು. ನಾನು ಗೆದ್ದ ಆಟಗಳೆಲ್ಲ, ಅವಳು ನನ್ನ ಕೈಗಿಟ್ಟ ಪೆಪ್ಪರಮೆಂಟುಗಳೆಲ್ಲ ಒಂದೊಂದಾಗಿ ನೆನಪಾದವು. ಬೀರುವಿನ ದುಡ್ಡಿನಿಂದ ನನಗೊಬ್ಬಳು ಸ್ನೇಹಿತೆಯನ್ನೂ ತಂದುಕೊಟ್ಟಿದ್ದರು. ಮನೆಗೆ ಓಡಿ ಬಂದು ಹಸುವಿಗೆ ಹಿಂಡಿ ಕಲೆಸುತ್ತಿದ್ದ ಅಮ್ಮನಿಗೆ ಹೇಳಿದೆ. ಶ್ವೇತಳಿಗೆ ಬೈಯಲಿ, ಹಾಗೇನಿಲ್ಲ ಎನ್ನಲಿ ಎಂದು ಕಾದೆ. ಅಮ್ಮ ಹಿಂಡಿಯ ಕೈ ಬಕೆಟ್ಟಿನಲ್ಲೇ ಇಟ್ಟುಕೊಂಡು ನನ್ನನ್ನು ನೋಡಿದಳು.

"ಅವಳು ಸರಿಯಾಗೇ ಹೇಳಿದಾಳೆ. ನಾನು ನಿಮ್ಮಜ್ಜಿ ಜೊತೆ ಜಗಳ ಆಡಿದ್ದು ನೀನು ನೋಡಿದೀಯಾ?"

"ಇಲ್ಲ."

"ನನ್ನ ಮದ್ವೆ ಖರ್ಚಿಗೆ ಕೆಂಗೇರಿ ತಾತ ಇಲ್ಲಿಂದಾನೇ ಕೈಗಡ ತಗೊಂಡಿದ್ರು. ಮದ್ವೆ ಜೋರಾಗ್ಬೇಕು ಅಂತ ನಿಮ್ಮಜ್ಜೀನೇ ಕೊಟ್ಟಿದ್ದು. ಇನ್ನೂ ತೀರಿಲ್ಲ."

ಕೆಂಗೇರಿ ತಾತ ಎಂದರೆ ಅಮ್ಮನ ಅಪ್ಪ. ಬೀಗರ ಮನೆಗೆ ಬಂದರೆ ಸೋಫಾದ ತುದಿಯಲ್ಲಿ ಕೂತು, ಕಾಫಿ ಕುಡಿದ ಲೋಟವನ್ನು ತಾನೇ ಬಚ್ಚಲಿಗೆ ತೆಗೆದುಕೊಂಡು ಹೋಗುತ್ತಿದ್ದ ತಾತ. ತುಂಬ ನಾಚಿಕೆಯ ಸ್ವಭಾವ ಎಂದುಕೊಂಡಿದ್ದೆ. ಕೆಂಗೇರಿ ಅಷ್ಟು ಹತ್ತಿರವಿದ್ದರೂ ಅಮ್ಮ ಹಬ್ಬಕ್ಕೂ ತವರಿಗೆ ಹೋಗದೆ ಇಲ್ಲಿಯ ಒಲೆಯ ಮುಂದೆಯೇ ಇರುತ್ತಿದ್ದುದಕ್ಕೆ, ನಮ್ಮನೆ ಬಿಟ್ಟು ಅವಳಿಗೆ ಇರಕ್ಕಾಗಲ್ಲ ಎಂದು ಅಜ್ಜಿ ಹೆಮ್ಮೆಪಡುತ್ತಿದ್ದಳು, ನಾನೂ ಅದನ್ನೇ ನಂಬಿದ್ದೆ. ಆ ಸಂಜೆ ಊಟ ಸೇರಲಿಲ್ಲ. ಅಜ್ಜಿ ಹಣೆ ಮುಟ್ಟಿ ನೋಡಿ, ದೃಷ್ಟಿ ತಗುಲಿದೆ ಎಂದು ಪೊರಕೆ ಕಡ್ಡಿ ನಿವಾಳಿಸಿ ಸುಟ್ಟಳು. ಅವಳ ಕೈ ಎಷ್ಟು ಬೆಚ್ಚಗಿತ್ತು ಎಂದರೆ ಅವಳ ಮೇಲೆ ಕೋಪ ಮಾಡಿಕೊಳ್ಳುವುದೂ ನನ್ನಿಂದ ಆಗಲಿಲ್ಲ.

ಆಮೇಲೆ ನಡೆದದ್ದನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಸುಮಿತ್ರಕ್ಕ ಮಧ್ಯಾಹ್ನದ ಹೊತ್ತು ಮಿಷನ್ನು ಮುಚ್ಚಿ ಒಳ್ಳೆಯ ಸೀರೆ ಉಟ್ಟು ಎಲ್ಲಿಗೋ ಹೋಗಿ ಬರುತ್ತಿದ್ದರು. ಎಲ್ಲಿಗೇ ಎಂದು ಅಜ್ಜಿ ಕೇಳಿದರೆ ದಾರಕ್ಕೆ, ಗುಂಡಿಗೆ ಎನ್ನುತ್ತಿದ್ದರು. ನಿಜ ಗೊತ್ತಾದದ್ದು ಬೇಸಿಗೆಯ ಶುರುವಿನಲ್ಲಿ, ಅವರು ಒಂದು ಬೆಳಿಗ್ಗೆ ನಡುಮನೆಗೆ ಬಂದು, ಕೂರು ಎಂದರೂ ಕೂರದೆ, ಸೆರಗಿನಲ್ಲಿದ್ದ ಕವರನ್ನು ಅಜ್ಜಿಯ ಮುಂದೆ ಇಟ್ಟಾಗ. ಅಮ್ಮ ಹಾಲು ಕರೆದು ತಂದವಳು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ನಾನು ಸೋಫಾದ ಮೇಲೆ ಜಡೆ ಹಾಕಿಸಿಕೊಳ್ಳಲು ಬಾಚಣಿಗೆ ಹಿಡಿದು ಕೂತಿದ್ದೆ.

"ಪೂರ್ತಿ ಇದೆ ದೊಡ್ಡಮ್ಮ. ಎಣಿಸ್ಕೊಳಿ."

"ಇಷ್ಟು ದುಡ್ಡು ಎಲ್ಲಿಂದ ಬಂತೇ?"

"ಹೊಸಹಳ್ಳಿ ಹತ್ರ ಒಂದು ಮಹಿಳಾ ಸೊಸೈಟಿ ಇದೆ. ಅಲ್ಲಿ ಸಾಲ ತಗೊಂಡೆ."

"ಬಡ್ಡಿಗಾ?"

"ಹೂಂ. ಬಡ್ಡಿಗೇ."

ಅಜ್ಜಿಗೆ ಅರ್ಥವಾಗಲಿಲ್ಲ. ನಿಜವಾಗಿಯೂ ಅರ್ಥವಾಗಲಿಲ್ಲ. ಬಿಟ್ಟಿ ಸಿಗುವುದನ್ನು ಬಿಟ್ಟು ದುಡ್ಡು ಕೊಟ್ಟು ಕೊಂಡವರನ್ನು ನೋಡುವಂತೆ ನೋಡಿದಳು.

"ಹುಚ್ಚೇನೇ ನಿಂಗೆ? ನಾನು ಬಡ್ಡಿ ಕೇಳಿದ್ನಾ? ಯಾರೋ ಏನೋ, ಅವ್ರನ್ನ ಹೆಂಗೆ ನಂಬ್ದೆ?"

"ಸುಮಾರು ಕಡೆ ವಿಚಾರಿಸ್ದೆ ದೊಡ್ಡಮ್ಮ. ಅಲ್ಲಿ ತಗೊಂಡಿರೋರ ಮನೆಗೇ ಹೋಗಿ ಕೇಳ್ದೆ. ತಿಂಗ್ಳಿಗೆ ಇಷ್ಟು ಅಂತ ಹೇಳ್ತಾರೆ, ಕಟ್ಟಿದ್ರೆ ರಸೀದಿ ಕೊಡ್ತಾರೆ. ಪೂರ್ತಿ ಕಟ್ಟಿದ್ರೆ ಮುಗೀತು ಅಂತಾರೆ."

"ಅಷ್ಟೇನಾ?"

"ನಂಗೆ ಅಷ್ಟೇ ಬೇಕಿತ್ತು. ಅವ್ರ ಮನೇಲಿ ಮದ್ವೆ ಆದ್ರೆ ನಾನು ಹೋಗ್ಬೇಕಾಗಿಲ್ಲ. ನಮ್ಮನೇಲಿ ಸೀಮಂತ ಆದ್ರೆ ಅವ್ರನ್ನ ಕೇಳ್ಬೇಕಾಗಿಲ್ಲ."

ಸುಮಿತ್ರಕ್ಕನ ದನಿ ಏರಲಿಲ್ಲ. ಬಾಡಿಗೆ ಮನೆ ಖಾಲಿ ಮಾಡು ಎಂದು ಅಜ್ಜಿ ಹೇಳಿದರೆ ಅವರಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಅದು ಗೊತ್ತಿದ್ದೂ ಹೇಳಿದರು. ಅಜ್ಜಿಯ ಮುಖ ಸಣ್ಣದಾಯಿತು. ಹಾಗೆ ಅವಳ ಮುಖ ಆದದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಪಾಪ ಎನ್ನಿಸಿತು, ಪಾಪ ಎನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ನನ್ನ ಮೈಮೇಲಿದ್ದ ಲಂಗ ರವಿಕೆ ಸುಮಿತ್ರಕ್ಕ ಹೊಲಿದದ್ದೇ. ಎದ್ದು ಒಳಗೆ ಹೋಗಿ ಬಿಚ್ಚಿ ಹಾಕಿಬಿಡಬೇಕು ಎನ್ನಿಸಿತು.

ಆಗ ಅಮ್ಮ ಬಾಗಿಲಿನಿಂದ ಈಚೆ ಬಂದಳು. ಹಾಲಿನ ಚೊಂಬು ಇನ್ನೂ ಕೈಯಲ್ಲಿತ್ತು. ಅಜ್ಜಿಯನ್ನು ದಾಟಿ ಸುಮಿತ್ರಕ್ಕನ ಎದುರಿಗೆ ಹೋಗಿ ನಿಂತಳು.

"ಸುಮಿತ್ರ ಅವ್ರೇ, ಆ ಸೊಸೈಟಿಲಿ ಸಂಬಳ ಇಲ್ದೋರಿಗೂ ಕೊಡ್ತಾರಾ?"

"ಕೊಡ್ತಾರಕ್ಕ. ಏನಾದ್ರೂ ಒಂದು ದುಡಿಮೆ ಇರ್ಬೇಕು."

"ನಾನು ವಠಾರಕ್ಕೆ ಹಾಲು ಹಾಕ್ತೀನಲ್ಲ, ಅದು ಸಾಕಾಗುತ್ತಾ?"

ಸುಮಿತ್ರಕ್ಕ ಅಜ್ಜಿಯ ಕಡೆ ನೋಡಿ, ಅಮ್ಮನ ಕಡೆ ನೋಡಿ, ಸಾಕಾಗುತ್ತೆ ಅನ್ಸುತ್ತೆ, ನಾನು ಕರ್ಕೊಂಡು ಹೋಗ್ತೀನಿ ಎಂದರು. ಅಜ್ಜಿ ಕಂಬ ಹಿಡಿದು ಎದ್ದು ನಿಂತಳು.

"ನಿಂಗ್ಯಾಕೇ ಸಾಲ?"

"ನಮ್ಮಪ್ಪ ನಿಮ್ಗೆ ಕೊಡ್ಬೇಕಾಗಿರೋದು ಹಂಗೇ ಇದೆಯಲ್ಲ ಅತ್ತೆ. ಅವ್ರಿಗೂ ವಯಸ್ಸಾಯ್ತು. ನಾನೇ ತೀರಿಸ್ಬಿಡ್ತೀನಿ."

"ಅಲ್ಲ ಕಣೇ," ಅಜ್ಜಿ ಕಂಬ ಬಿಟ್ಟು ಮುಂದೆ ಬಂದಳು. "ಇಷ್ಟು ವರ್ಷದಲ್ಲಿ ಆ ದುಡ್ಡು ಕೊಡು ಅಂತ ಒಂದಿನ, ಒಂದೇ ಒಂದಿನ, ನಿಮ್ಮಪ್ಪನ್ನಾಗ್ಲೀ ನಿನ್ನಾಗ್ಲೀ ಕೇಳಿದೀನಾ ನಾನು?"

ಅಮ್ಮ ಚೊಂಬನ್ನು ಕೆಳಗಿಟ್ಟಳು.

"ಇಲ್ಲ ಅತ್ತೆ. ಒಂದ್ಸಲ ಕೇಳ್ಬಿಟ್ಟಿದ್ರೆ ಕೊಟ್ಟು ಹಗುರಾಗ್ತಿದ್ವಿ."